ಹೆಬ್ಬೆರಳಿಗೆ ಮೆತ್ತಿದ ಸುಣ್ಣ

ನಮ್ಮ ಊರಿನಲ್ಲಿ ಬೊಟ್ಟು ಬೀಳುವುದು ವರ್ಷ ಹುಟ್ಟುವ ಹೊತ್ತಿನಲ್ಲಿ ಮಾತ್ರ. ಬೇವು ತಿಂದ ಬಾಯಿಯ ಕಹಿ ಆರುವ ಮೊದಲೇ ಊರು ಒಳಗೊಳಗೇ ಗಟ್ಟಿಯಾಗತೊಡಗುತ್ತದೆ. ಅದಕ್ಕೆ ನಾವು ಹೆಪ್ಪುಗಾಲ ಅನ್ನುತ್ತೇವೆ. ಹಾಲು ಹೆಪ್ಪಾಗುವಾಗ ಎಲ್ಲ ಕಡೆಯೂ ಒಂದೇ ಸಮ ಆಗುವುದಿಲ್ಲವಲ್ಲ, ಒಂದು ಕಡೆ ನೀರು, ಇನ್ನೊಂದು ಕಡೆ ಗಡ್ಡೆ; ಹಾಗೆಯೇ ಊರಿನ ಯಾವುದೋ ಒಂದು ಜಾಗ ತಾನೇ ತಾಳಲಾರದಷ್ಟು ಗಟ್ಟಿಯಾಗಿ, ತನ್ನೊಳಗೆ ತಾನೇ ಇಳಿದು, ಒಂದು ಕರಿಯ ಬೊಟ್ಟಾಗಿ ಉಳಿದುಬಿಡುತ್ತದೆ. ಮನೆ ಹೋದರೆ ಅಡಿಕೆಯಷ್ಟು ಬೊಟ್ಟು, ಕೋಣೆಯ ಮೂಲೆ ಹೋದರೆ ಸಾಸಿವೆಯಷ್ಟು. ಅದರೊಳಗೆ ಹೋದ ಬೆಳಕು ವಾಪಸ್ಸು ಬರುವುದಿಲ್ಲ, ಸದ್ದೂ ಬರುವುದಿಲ್ಲ. ಹೆಪ್ಪುಗಾಲ ಕಳೆದ ಮೇಲೆ ಹೊಸ ಬೊಟ್ಟು ಹುಟ್ಟುವುದೂ ಇಲ್ಲ. ಮುಂದಿನ ಯುಗಾದಿಯವರೆಗೆ ಕಾಲು ಚಾಚಿ ಮಲಗಬಹುದು.

ಹೊರಗಿನವರು ಇದನ್ನು ಕೇಳಿ, "ಅಯ್ಯೋ, ಅಂಥ ಊರಲ್ಲಿ ಹೆಂಗಮ್ಮಾ ಬಾಳ್ತೀರಿ?" ಎಂದು ಕೆನ್ನೆಗೆ ಕೈ ಇಟ್ಟುಕೊಳ್ಳುತ್ತಾರೆ. ಹೆಂಗೆ ಅಂದರೆ ಹಿಂಗೇ, ಅವರು ಬಾಳಿದ ಹಾಗೆಯೇ. ಬಸ್ ನಿಲ್ದಾಣದ ಹತ್ತಿರ ಕುಂಬಳಕಾಯಿಯಷ್ಟು ದೊಡ್ಡ ಬೊಟ್ಟಿದೆ. ನಮ್ಮ ಅಜ್ಜಂದಿರ ಕಾಲಕ್ಕೂ ಮುಂಚೆ ಒಂದು ಬೀದಿಗೆ ಬೀದಿಯೇ ಇಳಿದು ಆದದ್ದಂತೆ. ಸುತ್ತ ಕಬ್ಬಿಣದ ಬೇಲಿ ಹಾಕಿದ್ದಾರೆ. ಬೇಲಿಯ ಪಕ್ಕ ಕೂತವರಿಗೆ ಹೊತ್ತು ನಿಧಾನಕ್ಕೆ ಹೋಗುತ್ತದೆ. ನಮ್ಮ ಅತ್ತೆಯ ತಂಗಿ ಮಾಯಮ್ಮ ಅಲ್ಲೇ ಹೂ ಮಾರುತ್ತಾಳೆ. ನನಗೆ ಚಿಕ್ಕತ್ತೆ ಆಗಬೇಕು, ಈಗ ನೋಡಿದರೆ ನನ್ನ ಸೊಸೆಯ ಹಾಗಿದ್ದಾಳೆ. ಅದನ್ನು ನೆನೆಸಿಕೊಂಡಾಗ ಹೊಟ್ಟೆ ಉರಿಯುತ್ತದೆ, ಸುಳ್ಳು ಯಾಕೆ ಹೇಳಲಿ. ಟೈಲರ್ ಮರಿಯಪ್ಪನ ಅಂಗಡಿಯ ಗೋಡೆಯಲ್ಲಿ ಸಾಸಿವೆ ಬೊಟ್ಟು. ಅವನ ಸೂಜಿಗಳೆಲ್ಲ ತುದಿ ಅತ್ತ ಮಾಡಿಕೊಂಡು ನಿಲ್ಲುವುದರಿಂದ ಕೆಳಗೆ ಬಿದ್ದ ಸೂಜಿ ಹುಡುಕುವ ಕಷ್ಟ ಅವನಿಗಿಲ್ಲ.

ನಾನು ಹೇಳಹೊರಟದ್ದು ಹೊನ್ನಮ್ಮನ ಹಂಡೆಯ ಕಥೆ. ಹೊನ್ನಮ್ಮ ನಮ್ಮ ಪಕ್ಕದ ಮನೆಯವಳು. ಮಕ್ಕಳಿಲ್ಲ, ಗಂಡ ತೀರಿಹೋಗಿದ್ದಾನೆ, ನಾಲಿಗೆ ಮಾತ್ರ ಚೆನ್ನಾಗಿದೆ. ನನ್ನ ಮಗಳು ಅಂಬುಜ ಇನ್ನೂ ಲಂಗ ಹಾಕಿಕೊಂಡು ಓಡಾಡುತ್ತಿದ್ದ ಕಾಲದಲ್ಲಿ, ಒಂದು ಹೆಪ್ಪುಗಾಲ, ಹೊನ್ನಮ್ಮ ಸಂತೆಯಿಂದ ಬಂದು ನೋಡುತ್ತಾಳೆ, ಬಚ್ಚಲುಮನೆಯ ಗೋಡೆಯಲ್ಲಿ ಎಳ್ಳುಕಾಳಿನಷ್ಟು ಬೊಟ್ಟು. ಚೊಂಬು ಇಲ್ಲ, ಸೀಗೆಕಾಯಿ ಡಬ್ಬಿ ಇಲ್ಲ, ಅವಳ ತವರಿನವರು ಕೊಟ್ಟ ಹಿತ್ತಾಳೆ ಹಂಡೆಯೂ ಇಲ್ಲ. ಬೀದಿಗೆ ಬಂದು ನಿಂತಳು. "ಚೊಂಬು ಹೋಗ್ಲಿ, ಡಬ್ಬಿ ಹೋಗ್ಲಿ. ಎರಡು ಆಳು ಹಿಡಿದರೂ ಅಲ್ಲಾಡದ ಹಂಡೆ ಎಳ್ಳುಕಾಳು ನುಂಗ್ತದಾ? ಹಿತ್ತಲಲ್ಲಿ ಗೋಡೆ ಹಾರಿ ಬಂದವರ್ಯಾರೋ ನನಗೆ ಗೊತ್ತಿಲ್ವಾ?" ಹಿತ್ತಲ ಗೋಡೆಯ ಆಚೆ ಇದ್ದದ್ದು ನಾನೊಬ್ಬಳೇ. ಅವತ್ತಿನಿಂದ ಅವಳು ನಮ್ಮ ಹೊಸಿಲು ತುಳಿದಿಲ್ಲ, ನಾನು ಅವಳ ಹೊಸಿಲು ತುಳಿದಿಲ್ಲ. ಆದರೆ ಜಗಳ ಮಾತ್ರ ಒಂದು ದಿನವೂ ನಿಂತಿಲ್ಲ. ಕಳ್ಳಿ ಅನ್ನಿಸಿಕೊಂಡು ಬಾಳುವುದು ಸುಮ್ಮನೆ ಅಲ್ಲ. ಎಷ್ಟು ಸಲ ಅತ್ತಿದ್ದೇನೋ ನನ್ನ ಗಂಡನಿಗೂ ಗೊತ್ತಿಲ್ಲ.

ಇಂಥ ಊರಿನಲ್ಲಿ ಅಂಬುಜ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ದಿನ ತುಂಬುವುದು ಸರಿಯಾಗಿ ಹೆಪ್ಪುಗಾಲಕ್ಕೇ ಬರಬೇಕೇ? ನನ್ನ ಗಂಡ ತಿಮ್ಮರಾಯಪ್ಪ ಗಾರೆ ಮೇಸ್ತ್ರಿ. ನಮ್ಮ ಮನೆಯ ಒಂದೊಂದು ಗೋಡೆಯನ್ನೂ ಅವರೇ ಎಬ್ಬಿಸಿದ್ದು. ಮಗಳಿಗೆಂದು ಒಳಕೋಣೆಗೆ ಹೊಸದಾಗಿ ಸುಣ್ಣ ಬಳಿದು, ಮೂಲೆಯ ತೊಲೆಗೆ ಹಗ್ಗ ಬಿಗಿದು ತೊಟ್ಟಿಲು ತೂಗುಹಾಕಿದರು. ಖಾಲಿ ತೊಟ್ಟಿಲು ತೂಗಬಾರದು ಅಂತ ಅದರಲ್ಲೊಂದು ರುಬ್ಬುಗುಂಡನ್ನೂ ಮಲಗಿಸಿದರು. ಇನ್ನು ಆ ಮೂಲೆಗೆ ನಡೆಯುವುದೊಂದು ಬಾಕಿ ಇತ್ತು.

ನಡೆಯುವುದು ಅಂದರೆ ಇದು. ಯುಗಾದಿಗೆ ಮುಂಚೆ ಊರ ಬಯಲಿನಲ್ಲಿ ಅಡ್ಡಕ್ಕೆ ದಪ್ಪನಾಗಿ ಸುಣ್ಣದ ಗೆರೆ ಎಳೆಯುತ್ತಾರೆ. ಆ ಗೆರೆಯಿಂದ ಒಂದಷ್ಟು ದೂರದಲ್ಲಿ ಅರಿಶಿನದ ಗೆರೆ. ಯಾರಿಗೆ ತಮ್ಮ ಯಾವ ಜಾಗದ ಚಿಂತೆಯೋ ಆ ಮನೆಯ ಯಜಮಾನ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಅರಿಶಿನದ ಮೇಲೆ ನಿಲ್ಲುತ್ತಾನೆ. ಕೂಗುವವನು ದೊಡ್ಡ ಜಾಗದಿಂದ ಹಿಡಿದು ಚಿಕ್ಕದರವರೆಗೆ ಒಂದೊಂದೇ ಹೆಸರು ಕೂಗುತ್ತಾನೆ. ಬೀದಿ! ಮನೆ! ನಡುಮನೆ! ಕೋಣೆ! ಮೂಲೆ! ಪ್ರತಿ ಕೂಗಿಗೂ ಒಂದು ಹಿಡಿ ಕವಡೆ ಎಸೆಯುತ್ತಾರೆ. ಮೊಗ ಮೇಲಾದವು ಎಷ್ಟು ಹೆಚ್ಚೋ ಅಷ್ಟು ಹೆಜ್ಜೆ ಮುಂದೆ. ಬೆನ್ನು ಮೇಲಾದವು ಎಷ್ಟು ಹೆಚ್ಚೋ ಅಷ್ಟು ಹೆಜ್ಜೆ ಹಿಂದೆ. ಕೊನೆಯ ಕೂಗಿಗೆ ಅವನು ಸುಣ್ಣದ ಗೆರೆಯ ಆಚೆ ನಿಂತಿದ್ದರೆ ಆ ಜಾಗಕ್ಕೆ ಬೊಟ್ಟು ಖಂಡಿತ. ಹೆಂಚು, ಬಾಗಿಲು, ಪಾತ್ರೆ ಪಗಡ ಎಲ್ಲ ಬಿಚ್ಚಿಕೊಂಡು ಬೇರೆ ಕಡೆ ಹೋಗುತ್ತಾರೆ, ಬರೀ ಮಣ್ಣಿನ ಗೋಡೆ ಬಿಟ್ಟಿರುತ್ತಾರೆ. ಇಳಿಯುವ ಹೊತ್ತಿನಲ್ಲಿ ಅತ್ತ ಬೆನ್ನು ಮಾಡಿ ನಿಲ್ಲಬೇಕು, ನೋಡಬಾರದು. ಗೆರೆಯ ಈಚೆ ನಿಂತಿದ್ದರೆ ಭಯವಿಲ್ಲ, ಮನೆಗೆ ಹೋಗಿ ಉಣ್ಣಬಹುದು. ಒಂದು ಜಾಗಕ್ಕೆ ವರ್ಷಕ್ಕೆ ಒಂದೇ ನಡಿಗೆ. ಎರಡನೆಯ ಸಲ ನಡೆದರೆ ಕವಡೆ ಸುಳ್ಳು ಹೇಳುತ್ತದೆ.

ಕವಡೆ ಆಚೆ ಅಂದದ್ದು ಯಾವತ್ತೂ ತಪ್ಪಿಲ್ಲ. ಆದರೆ ಈಚೆ ಅಂದ ಮನೆಗಳಲ್ಲೂ ಅಲ್ಲೊಂದು ಇಲ್ಲೊಂದು ಬೊಟ್ಟು ಬೀಳುತ್ತಿತ್ತು. ಅಲ್ಲೊಂದು ಇಲ್ಲೊಂದು ಏನು, ಹೇಳಿ ಬಿದ್ದವು ಎಷ್ಟೋ ಹೇಳದೆ ಬಿದ್ದವೂ ಅಷ್ಟೇ. ಅವಕ್ಕೆ ದೇವರ ಪಾಲು ಎಂದು ಹೆಸರಿಟ್ಟು ಹಿರಿಯರು ಕೈ ಮುಗಿದುಬಿಟ್ಟಿದ್ದರು. ದೇವರ ಪಾಲಿನವು ಎಳ್ಳು, ಸಾಸಿವೆಯಷ್ಟೇ ಇರುತ್ತವೆ, ಸೂಜಿ ಸೋಪುಪೆಟ್ಟಿಗೆಗಿಂತ ದೊಡ್ಡದನ್ನು ಮುಟ್ಟುವುದಿಲ್ಲ ಎಂದೇ ಊರಿನ ನಂಬಿಕೆ. ಹೊನ್ನಮ್ಮನ ಹಂಡೆಯ ಮೇಲೆ ನನ್ನ ಮಾನ ಹೋದದ್ದೂ ಅದೇ ನಂಬಿಕೆಯಿಂದ.

ನಮ್ಮವರು ನಡೆದ ದಿನ ನಾನು ಹೆಂಗಸರ ಸಾಲಿನಲ್ಲಿ ಮುಂದೆ ನಿಂತಿದ್ದೆ. ದೇವರ ನಾಮ ಹೇಳಿಕೊಳ್ಳುತ್ತಾ ನೋಡಬೇಕು ಅಂದುಕೊಂಡು ಹೋದವಳು ನಾನು. ಹಿಂದೆಯಿಂದ ಬಂತಲ್ಲ ಧ್ವನಿ: "ಬಾಣಂತಿಗೆ ನೀರು ಕಾಯಿಸಕ್ಕೇನು ಯೋಚನೆ ಬಿಡಮ್ಮ. ಹಂಡೆ ಐತಲ್ಲ." ನಾನು ತಿರುಗಿದೆ. ಗಂಡ ನಡೆಯುತ್ತಿದ್ದಾನೆ, ಮಗಳ ತೊಟ್ಟಿಲಿನ ಪ್ರಶ್ನೆ, ಅದೆಲ್ಲ ಗೊತ್ತಿತ್ತು, ಆದರೂ ತಿರುಗಿದೆ. ಬಯಲಿಗೆ ಬೆನ್ನು ಮಾಡಿ ಸೊಂಟಕ್ಕೆ ಕೈ ಕೊಟ್ಟು ಶುರು ಮಾಡಿದೆ. ಹೊನ್ನಮ್ಮನ ಮುಖ ಬಯಲಿನ ಕಡೆಗೇ ಇತ್ತು. ಬೈಗುಳದ ನಡುವೆ ಅವಳು ಇದ್ದಕ್ಕಿದ್ದಂತೆ ಕಿಸಕ್ಕನೆ ನಕ್ಕುಬಿಟ್ಟಳು. ಅದಕ್ಕೆ ನನಗೆ ಇನ್ನೂ ಸಿಟ್ಟು ಏರಿತು. ನಾನು ಮತ್ತೆ ತಿರುಗಿ ನೋಡುವಷ್ಟರಲ್ಲಿ ನಡಿಗೆಯೇ ಮುಗಿದಿತ್ತು. ನಮ್ಮವರು ಗೆರೆಯ ಈಚೆ, ಚೆನ್ನಾಗಿ ಈಚೆ ನಿಂತು ಕಣ್ಣಿನ ಬಟ್ಟೆ ಬಿಚ್ಚುತ್ತಿದ್ದರು. ಕೂಗುವ ಮುನಿಶಾಮಪ್ಪ, "ತೊಟ್ಟಿಲು ತೂಗ್ರಪ್ಪಾ!" ಎಂದು ಸಾರಿದ. ಎಲ್ಲರೂ ಹೋ ಎಂದರು.

ನಡೆದು ಬಂದವರ ಕಾಲನ್ನು ಹೆಂಡತಿ ಹೊಸಿಲಲ್ಲೇ ಅರಿಶಿನದ ನೀರಿನಿಂದ ತೊಳೆದು ಒಳಕ್ಕೆ ಕರೆದುಕೊಳ್ಳಬೇಕು. ಅದು ನಮ್ಮಲ್ಲಿ ಮೊದಲಿನಿಂದ ಬಂದ ಪದ್ಧತಿ. ಚೊಂಬಿನ ನೀರು ಹೊಯ್ದು ಬಗ್ಗಿದೆ. ಬಲಗಾಲಿನ ಹೆಬ್ಬೆರಳ ತುದಿಗೆ ಬೆಳ್ಳಗೆ ಏನೋ ಮೆತ್ತಿತ್ತು. ಗಾರೆ ಕೆಲಸದವರ ಕಾಲಿಗೆ ಸುಣ್ಣ ಇರದೆ ಇನ್ನೇನಿರುತ್ತದೆ ಎಂದು ಉಜ್ಜಹೊರಟವಳು ಅಲ್ಲೇ ನಿಂತೆ. ನಡೆಯುವ ಬೆಳಿಗ್ಗೆ ನಾನೇ ಅವರ ತಲೆಗೆ ನೀರು ಹೊಯ್ದು, ತೆಂಗಿನ ನಾರಿನಲ್ಲಿ ಪಾದ ತಿಕ್ಕಿ ಕಳಿಸಿದ್ದೆ.

"ಏನ್ರೀ, ಗೆರೆ ತುಳಿದ್ರಾ?"

"ಕಣ್ಣು ಕಟ್ಟಿದ್ರಲ್ಲೇ, ನನಗೇನು ಗೊತ್ತು? ತುಳಿದಿದ್ರೆ ತಾನೇ ಏನು, ಆಮೇಲೆ ಹಿಂದೆ ಬಂದ್ನಲ್ಲ. ನಿಂತದ್ದು ಲೆಕ್ಕ. ಬೇಗ ತೊಳಿ, ಹೊಟ್ಟೆ ಹಸೀತಾ ಐತೆ."

ತೊಳೆದೆ. ಬಡಿಸಿದೆ. ಆದರೆ ಆ ಬಿಳುಪು ಕಣ್ಣಿನಿಂದ ಹೋಗಲಿಲ್ಲ. ಮಧ್ಯಾಹ್ನ ಹೂ ತರುವ ನೆಪದಲ್ಲಿ ಹೊರಟು ಟೈಲರ್ ಮರಿಯಪ್ಪನ ಹೆಂಡತಿಯನ್ನು ಕಂಡೆ. "ನಿಮ್ಮ ಗೋಡೆಗೆ ಬೊಟ್ಟು ಬಿದ್ದ ವರ್ಷ ನಿಮ್ಮೆಜಮಾನರ ಕಾಲಲ್ಲಿ ಸುಣ್ಣ ಇತ್ತೇನಮ್ಮ?" ಎಂದೆ. ಅವಳು ಸ್ವಲ್ಪ ಯೋಚಿಸಿ, "ಇತ್ತು ಕಣಕ್ಕ. ಹಿಮ್ಮಡಿಗೆ ಮೆತ್ತಿತ್ತು. ತೊಳೀವಾಗ ನನ್ನ ಕೈಯೇ ಉರೀತು. ಯಾಕೆ?" ಎಂದಳು. ದೇವರ ಪಾಲು ಬಿದ್ದ ಇನ್ನೂ ಒಂದೆರಡು ಮನೆಗಳಿಗೆ ಹೋದೆ. ಎಲ್ಲ ಹೆಂಗಸರೂ ಅದನ್ನೇ ಹೇಳಿದರು. ಎಲ್ಲರೂ ಕಂಡಿದ್ದರು, ಎಲ್ಲರೂ ತೊಳೆದಿದ್ದರು, ಒಬ್ಬರೂ ಇನ್ನೊಬ್ಬರ ಹತ್ತಿರ ಆಡಿರಲಿಲ್ಲ. ಕಾಲಿಗೆ ಸುಣ್ಣ ಮೆತ್ತಿತ್ತು ಅನ್ನುವುದು ಆಡುವಂಥ ಮಾತೂ ಅಲ್ಲವಲ್ಲ. ಇನ್ನು ಉಳಿದದ್ದು ಒಂದೇ ಮನೆ.

ಹೊನ್ನಮ್ಮನ ಹೊಸಿಲು ತುಳಿಯದೆ ಬಾಗಿಲಾಚೆಯೇ ನಿಂತೆ. ಅವಳು ಅವರೆಕಾಳು ಹಿಸುಕುತ್ತಾ ಕೂತಿದ್ದವಳು ತಲೆ ಎತ್ತಿ, "ಓಹೋ, ಹಂಡೆ ಕೊಡಕ್ಕೆ ಬಂದ್ಯಾ?" ಎಂದಳು.

"ನಿನ್ನ ಹಂಡೆ ಹಾಳಾಗ್ಲಿ. ಆ ವರ್ಷ ನಿನ್ನ ಗಂಡ ನಡೆದು ಬಂದಾಗ ಕಾಲಲ್ಲಿ ಸುಣ್ಣ ಇತ್ತಾ? ಅದೊಂದು ಹೇಳು, ನಿನ್ನ ದಮ್ಮಯ್ಯ ಅಂತೀನಿ."

ನನ್ನ ಬಾಯಲ್ಲಿ ದಮ್ಮಯ್ಯ ಬಂದದ್ದು ಕೇಳಿ ಅವಳ ಕೈಯಲ್ಲಿದ್ದ ಅವರೆಕಾಳು ಕೆಳಗೆ ಬಿತ್ತು. ಬಗ್ಗಿ ಅದನ್ನು ಆರಿಸಿಕೊಂಡಳು. "ಇತ್ತು," ಎಂದಳು. "ಕಿರುಬೆರಳಿಗೆ. ನಾನೇ ತೊಳೆದೆ. ಅದೇ ಕೊನೆ ಸಲ, ಮುಂದಿನ ಯುಗಾದಿಗೆ ಅವರೇ ಇರಲಿಲ್ಲ." ಆಮೇಲೆ ಏನೋ ನೆನಪಾಗಿ, "ಅಯ್ಯೋ, ಇವತ್ತು ನಿನ್ನ ಗಂಡನೂ ತುಳಿದ ಕಣೆ! ನಾನು ನೋಡಿದೆ. ಗೆರೆ ಮೇಲೆ ಹೆಬ್ಬೆರಳು ಊರಿ ಕೊಕ್ಕರೆ ಥರ ಓಲಾಡ್ತಿದ್ದ. ಅದಕ್ಕೇ ನಗು ಬಂತು," ಎಂದಳು.

"ಯಾವ ಕೂಗಿಗೆ?"

"ನನಗೆಲ್ಲಿ ಕೇಳಿಸ್ತದೆ ಕೂಗು? ನೀನು ಅರಚ್ತಿದ್ಯಲ್ಲ."

ಈಗ ಎಲ್ಲ ನಿಂತದ್ದು ಇದೊಂದರ ಮೇಲೆ: ಯಾವ ಜಾಗದ ಕೂಗಿಗೆ ಕಾಲು ಗೆರೆ ಮುಟ್ಟಿತೋ ಆ ಜಾಗವೇ ಇಳಿಯಬೇಕು. ಮೂಲೆ ಅಂದಾಗ ತುಳಿದಿದ್ದರೆ ತೊಟ್ಟಿಲನ್ನು ಆ ಮೂಲೆಯಿಂದ ಈ ಮೂಲೆಗೆ ಕಟ್ಟಿದರೆ ಸಾಕು. ಕೋಣೆ ಅಂದಾಗ ತುಳಿದಿದ್ದರೆ ಅಂಬುಜಳನ್ನು ನಡುಮನೆಯಲ್ಲಿ ಮಲಗಿಸಬೇಕು. ಮನೆ ಅಂದಾಗ ತುಳಿದಿದ್ದರೆ ಮನೆಯೇ ಹೋಗುತ್ತದೆ; ಅದು ಹೋದ ಮೇಲೆ ಕೋಣೆ ಏನು, ಮೂಲೆ ಏನು, ಆಮೇಲಿನ ಹೆಜ್ಜೆಗಳೆಲ್ಲ ದಂಡ. ಮುನಿಶಾಮಪ್ಪನನ್ನು ಕೇಳಿದೆ. "ಬೆಳಗಿಂದ ಗಂಟಲು ಹರಿಯಂಗೆ ಕೂಗಿದೀನಿ ಲಕ್ಕಮ್ಮ. ನನ್ನ ಕಣ್ಣು ಕವಡೆ ಮೇಲಿರ್ತದೆ. ಯಾರ ಕಾಲು ಎಲ್ಲಿತ್ತು ಅಂತ ಹೆಂಗೆ ಹೇಳಲಿ?" ಎಂದ. ಅವನದೂ ನ್ಯಾಯವೇ.

ದಾರಿ ಹೇಳಿದ್ದು ಅಂಬುಜ. ಮೊದಲಿನಿಂದಲೂ ಅವಳ ತಲೆ ಚುರುಕು. "ಅಮ್ಮ, ನೀನು ಬೆನ್ನು ಮಾಡಿದ್ದೆ, ಕೂಗು ಕೇಳಿಸ್ಕೊಂಡಿದೀಯ. ಹೊನ್ನತ್ತೆ ಕಾಲು ನೋಡಿದಾರೆ. ಇಬ್ರೂ ಸೇರಿ ಅದೇ ಜಗಳ ಮತ್ತೆ ಆಡಿ. ಯಾವ ಮಾತಿಗೆ ಅವರು ನಕ್ಕಿದ್ದು, ಆ ಮಾತಿನ ಹೊತ್ತಿಗೆ ನಿನ್ನ ಕಿವಿಗೆ ಏನು ಬಿತ್ತು, ಅಷ್ಟು ಗೊತ್ತಾದ್ರೆ ಸಾಕು."

ಹೀಗೆ ಹೊನ್ನಮ್ಮನ ಅಂಗಳದಲ್ಲಿ, ಸಂಜೆಯ ಬಿಸಿಲಲ್ಲಿ, ನಾವಿಬ್ಬರೂ ಎದುರುಬದುರು ನಿಂತೆವು. ಬೇಕೆಂದೇ ಜಗಳ ಆಡುವುದು ಎಷ್ಟು ಕಷ್ಟ ಅಂತ ಅವತ್ತು ತಿಳಿಯಿತು. ಹೊನ್ನಮ್ಮ ನಾಚಿಕೊಂಡು, "ಬಾಣಂತಿಗೆ ನೀರು... ಹಂಡೆ ಐತಲ್ಲ," ಎಂದು ಮೆತ್ತಗೆ ಅಂದಳು.

"ಹಂಗಲ್ಲ ನೀನು ಅಂದದ್ದು. ಮೂಗು ಮುರಿದು ಅಂದೆ," ಎಂದೆ ನಾನು.

"ನಾನೆಲ್ಲಿ ಮೂಗು ಮುರಿದೆ?"

"ಮುರಿದೆ. ನಾನು ಅದಕ್ಕೇ ಅಂದೆ, ನಿನ್ನ ಹಂಡೆ ಎತ್ತಕ್ಕೆ ನನ್ನ ಗಂಡನೇನು ಗರಡಿ ಪೈಲ್ವಾನನಾ ಅಂತ."

"ಆಗ ನಾನು ಅಂದೆ, ಗಂಡ ಯಾಕೆ, ನೀನೊಬ್ಬಳೇ ಸಾಕು, ಸೊಂಟ ನೋಡ್ಕೋ ಅಂತ."

ಅಂಬುಜ ಹೊಟ್ಟೆ ಹಿಡಿದುಕೊಂಡು ಜಗಲಿಯ ಮೇಲೆ ಕೂತು ನಗತೊಡಗಿದಳು. ನನಗೆ ಮಾತ್ರ ರೇಗಿತು. ಅಷ್ಟು ವರ್ಷದ್ದೆಲ್ಲ ಒಟ್ಟಿಗೆ ಗಂಟಲಿಗೆ ಬಂತು. ಸೊಂಟಕ್ಕೆ ಕೈ ಹೋಯಿತು. "ಹೌದು ಕಣೆ, ನಾನೇ ಕದ್ದೆ! ನಿನ್ನ ಹಂಡೆ ನನ್ನ ಹೊಟ್ಟೆಯೊಳಗೈತೆ, ಕುಯ್ದು ನೋಡು!" ಎಂದು ಬೀದಿಗೆ ಕೇಳುವಂತೆ ಕೂಗಿದೆ.

"ಅಲ್ಲೇ!" ಎಂದಳು ಹೊನ್ನಮ್ಮ. "ಕುಯ್ದು ನೋಡು ಅಂದ್ಯಲ್ಲ, ಎರಡನೇ ಸಲ ಅಂದಾಗ. ಆಗಲೇ ನಿನ್ನ ಗಂಡ ಓಲಾಡಿದ್ದು. ಆಗಲೇ ನಾನು ನಕ್ಕಿದ್ದು."

ಎರಡನೇ ಸಲ. ಹೌದು, ಎರಡು ಸಲ ಹೇಳಿದ್ದೆ. ಯಾಕೆ ಎರಡು ಸಲ ಹೇಳಬೇಕಾಯಿತು? ಮೊದಲನೆಯ ಸಲ ನನ್ನ ಮಾತಿನ ಮೇಲೆಯೇ ಮುನಿಶಾಮಪ್ಪನ ಗಂಟಲು ಬಿದ್ದಿತ್ತು, ಹೊನ್ನಮ್ಮನಿಗೆ ಕೇಳಿಸಿರಲಾರದು ಅಂತ ಮತ್ತೆ ಹೇಳಿದ್ದೆ. ಏನು ಕೂಗಿದ್ದ ಅವನು? ಕಣ್ಣು ಮುಚ್ಚಿದೆ. ಕಿವಿಯೊಳಗೆ ಆ ಕೂಗು ಹಾಗೇ ಕೂತಿತ್ತು.

"ಮನೆ," ಎಂದೆ. ಅಂಬುಜಳ ನಗು ನಿಂತಿತು.

ನಮ್ಮವರು ಒಪ್ಪಲಿಲ್ಲ. ಒಪ್ಪುವುದಿರಲಿ, ಕೇಳಿಸಿಕೊಳ್ಳಲೂ ಇಲ್ಲ. "ಇಬ್ರು ಹೆಂಗಸರ ಜಗಳ ನಂಬ್ಕೊಂಡು ನಾನು ಕಟ್ಟಿದ ಮನೆ ಕಿತ್ತು ಹಾಕ್ಲಾ? ಕವಡೆ ಈಚೆ ಅಂದೈತೆ. ಊರಿಗೆ ಊರೇ ಕೇಳೈತೆ."

ಅಂಬುಜ ಸಮಾಧಾನದಿಂದ ಹೇಳಿದಳು: "ಅಪ್ಪ, ಗೆರೆ ಮೇಲೆ ನಿಂತೋನಿಗೆ ಕವಡೆ ನೆಂಟನಾ? ಅಲ್ಲಿಂದ ಮುಂದೆ ಹೋಗೋದೂ ಅಷ್ಟೇ, ಹಿಂದೆ ಬರೋದೂ ಅಷ್ಟೇ. ಮುಟ್ಟಿದೋರಲ್ಲಿ ಅರ್ಧ ಜನ ಆಚೆ ನಿಲ್ತಾರೆ, ಅರ್ಧ ಜನ ಈಚೆ ಬರ್ತಾರೆ. ಆಚೆ ನಿಂತೋರನ್ನ ಮಾತ್ರ ನಾವು ನೋಡಿದ್ವಿ. ಈಚೆ ಬಂದೋರ ಕಾಲು ತೊಳೆದುಬಿಟ್ವಿ. ಅದೇ ದೇವರ ಪಾಲು."

"ದೇವರ ಪಾಲು ಯಾವತ್ತಾದರೂ ಮನೆ ನುಂಗೈತಾ?"

"ಅಷ್ಟು ಬೇಗ ಗೆರೆ ಮುಟ್ಟಿ ಮತ್ತೆ ಈಚೆ ಬಂದೋರು ಇರಲಿಲ್ಲ, ಅದಕ್ಕೆ ನುಂಗಿಲ್ಲ."

ಅವರು ಎದ್ದು ಹೋಗಿ ಗೋಡೆ ತಟ್ಟಿ ನೋಡಿದರು, ಎತ್ತಿನ ಬೆನ್ನು ತಟ್ಟುವ ಹಾಗೆ. ನನಗೆ ಅವರನ್ನು ನೋಡಿ ಅಯ್ಯೋ ಅನ್ನಿಸಿತು. ಆದರೆ ಅಯ್ಯೋ ಅನ್ನುತ್ತಾ ಕೂರುವ ಹೊತ್ತಲ್ಲ ಅದು. "ನೀವು ಇರ್ರಿ ನಿಮ್ಮ ಗೋಡೆ ಜೊತೆ. ನನ್ನ ಮಗಳು ಇಲ್ಲಿ ಹೆರಲ್ಲ," ಎಂದೆ. ಎಲ್ಲಿಗೆ ಕರೆದುಕೊಂಡು ಹೋಗಲಿ? ದಿನ ತುಂಬಿದ ಹುಡುಗಿಯನ್ನು ಬಂಡಿಯಲ್ಲಿ ಕುಲುಕಿಸಿಕೊಂಡು ಹೋಗುವ ಹಾಗಿಲ್ಲ. ಗೋಡೆಯ ಆಚೆಯಿಂದ ಹೊನ್ನಮ್ಮ, "ಏನು ಯೋಚನೆ ಮಾಡ್ತಾ ನಿಂತಿದೀಯ? ನನ್ನ ನಡುಮನೆ ಖಾಲಿ ಐತೆ, ಮಗೀನ ಕರ್ಕೊಂಬಾ," ಎಂದು ಕೂಗಿದಳು. ನಮ್ಮ ಮಾತನ್ನೆಲ್ಲ ಕೇಳಿಸಿಕೊಂಡೇ ಇದ್ದಳು ಪುಣ್ಯಾತ್ಗಿತ್ತಿ.

ಹಾಸಿಗೆ, ಹಳೆಯ ಸೀರೆಗಳು, ಬಾಣಂತಿ ಖಾರದ ಡಬ್ಬಿ ಇಷ್ಟನ್ನು ಸಾಗಿಸಿದೆ. ಕೊನೆಗೆ ನನ್ನ ಹಿತ್ತಾಳೆ ಹಂಡೆ. ಅದನ್ನು ತರಲೋ ಬೇಡವೋ ಎಂದು ಬಹಳ ಯೋಚಿಸಿದೆ, ಆದರೆ ಬಾಣಂತಿಗೆ ನೀರು ಬೇಡವೇ? ಹೊನ್ನಮ್ಮನ ಬಚ್ಚಲಲ್ಲಿ ಇದ್ದದ್ದು ಒಂದು ಸೊಟ್ಟ ಅಲ್ಯೂಮಿನಿಯಂ ಪಾತ್ರೆ. ಅಂಬುಜಳ ಗಂಡನ ಮನೆಗೆ ಸುದ್ದಿ ಹೇಳಲು ಹೋಗಿದ್ದ ಇಬ್ಬರು ಆಳುಗಳು ಬಂದಮೇಲೆ ಅವರ ಕೈಯಲ್ಲೇ ಹಂಡೆ ಹೊರಿಸಿ ಒಲೆಯ ಮೇಲೆ ಕೂರಿಸಿದೆ. ನಾನು ಸೌದೆ ತರಲು ಹಿತ್ತಲಿಗೆ ಹೋಗಿ ಬರುವಷ್ಟರಲ್ಲಿ ಹೊನ್ನಮ್ಮ ಬಗ್ಗಿ, ಹಂಡೆಯ ಕಂಠದ ಸುತ್ತ ಬೆರಳಾಡಿಸುತ್ತಿದ್ದಳು. ಅಲ್ಲಿ ಹೆಸರು ಕೊರೆಸಿದೆ. ನಮ್ಮ ಅಮ್ಮನ ಹೆಸರು. ನನ್ನನ್ನು ಕಂಡು ಅವಳು ಸೆರಗಿನಿಂದ ಕಂಠ ಒರೆಸುವ ಹಾಗೆ ಮಾಡಿದಳು. ನಾನು ಸೌದೆಯನ್ನು ಒಲೆಯ ಮುಂದೆ ಹಾಕಿದೆ. ಅವಳಿಗೆ ನಂಬಿಕೆ ಬಂದಿರಲಿಲ್ಲ ಅನ್ನುವುದು ಮಾತ್ರ ಗೊತ್ತಾಯಿತು. ಹಂಡೆ ಇದಲ್ಲ ಅಂತ ಆಯಿತು. ಕದ್ದಿಲ್ಲ ಅಂತ ಆಗಲಿಲ್ಲ.

ಯುಗಾದಿ ಬಂತು, ಹೋಯಿತು. ಊರು ಗಟ್ಟಿಯಾಗುವುದು ಕಾಲಿಗೆ ತಿಳಿಯುತ್ತದೆ. ನೆಲ ಸ್ವಲ್ಪ ಎಳೆದಂತಾಗುತ್ತದೆ, ಬಿಂದಿಗೆ ಎತ್ತಿದರೆ ಎಂದಿಗಿಂತ ಭಾರ. ನಮ್ಮವರು ಹಟಕ್ಕೆ ಬಿದ್ದು ಮನೆಯಲ್ಲೇ ಇದ್ದರು. ಊಟಕ್ಕೆ ಮಾತ್ರ ಹೊನ್ನಮ್ಮನ ಜಗಲಿಗೆ ಬರುತ್ತಿದ್ದರು. ಒಂದು ತುತ್ತು ಉಂಡು, "ನೋಡು, ಏನಾಯ್ತು? ಏನೂ ಆಗಲಿಲ್ಲ," ಎನ್ನುತ್ತಿದ್ದರು. ಉಂಡು ಎದ್ದು ಹೋದವರು ಮತ್ತೆ ಊಟಕ್ಕೆ ಬರುವವರೆಗೆ ನನಗೆ ಜೀವದಲ್ಲಿ ಜೀವ ಇರುತ್ತಿರಲಿಲ್ಲ. ಜಗಳ ಆಡಿದೆ, ಅತ್ತೆ, ಮಾತು ಬಿಟ್ಟೆ. ಮನುಷ್ಯ ಜಗ್ಗಲಿಲ್ಲ.

ಒಂದು ಬೆಳಿಗ್ಗೆ, ಹಾಲು ಕರೆಯುವ ಹೊತ್ತಿಗೆ, ಅಂಬುಜ ಹೆತ್ತಳು. ಹೆಣ್ಣು ಕೂಸು. ಸೂಲಗಿತ್ತಿ ಕೂಸನ್ನು ಹೊನ್ನಮ್ಮನ ಕೈಗೆ ಕೊಟ್ಟಳು, ಅವಳು ಮೊರದಲ್ಲಿ ಅಕ್ಕಿ ಹರಡಿ, ಮೇಲೆ ಬಟ್ಟೆ ಹಾಸಿ ಮಲಗಿಸಿದಳು. ಮಕ್ಕಳನ್ನೇ ಕಾಣದ ಆ ಕೈ ಬಟ್ಟೆಯ ಸುಕ್ಕನ್ನು ಮತ್ತೆ ಮತ್ತೆ ಸರಿಮಾಡಿತು. ಗಂಟಲು ಮಾತ್ರ ಎಂದಿನಂತೆಯೇ ಇತ್ತು. ಗೋಡೆಯ ಹತ್ತಿರ ಹೋಗಿ, "ಏ ತಿಮ್ಮರಾಯಪ್ಪ! ಮೊಮ್ಮಗಳು ಹುಟ್ಟವಳೆ. ಮಹಾಲಕ್ಷ್ಮೀನ ಮೊರದಲ್ಲೇ ಮಲಗಿಸ್ಲಾ, ಇಲ್ಲ ತೊಟ್ಟಿಲು ತರ್ತೀಯಾ?" ಎಂದು ಕೂಗಿದಳು.

ಒಳಗಿನಿಂದ ದಡಬಡ ಸದ್ದು ಬಂತು. ಸ್ವಲ್ಪ ಹೊತ್ತಿಗೆ ನಮ್ಮವರು ತೊಟ್ಟಿಲನ್ನು ತಲೆಯ ಮೇಲೆ ಬೋರಲು ಹೊತ್ತುಕೊಂಡು, ಹಗ್ಗ ಹೆಗಲಿಗೆ ಸುತ್ತಿಕೊಂಡು, ರುಬ್ಬುಗುಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡಿಬಂದರು. ಆ ಗುಂಡು ಯಾಕೆ ತಂದರೋ ದೇವರೇ ಬಲ್ಲ. ಕೂಸನ್ನು ನೋಡಿ ಅವರ ಬಾಯಿ ಇಷ್ಟಗಲ ಆಯಿತು. "ನಮ್ಮ ಅಮ್ಮನ ಹಣೆ," ಎಂದರು. ನಾನು ಮಾತು ಬಿಟ್ಟಿದ್ದನ್ನೂ ಮರೆತು, "ಹಣೆ ನಂದು, ಸುಮ್ನಿರಿ," ಎಂದೆ.

ಅಷ್ಟರಲ್ಲಿ ಮೊರದ ಅಕ್ಕಿಯೆಲ್ಲ ಒಂದೇ ಕಡೆಗೆ ಸರಿಯಿತು. ಒಲೆಯ ಹೊಗೆ ಮೇಲೆ ಹೋಗುವ ಬದಲು ನಮ್ಮ ಮನೆಯ ಕಡೆಗೆ ಬಾಗಿತು. ಬೆನ್ನು ಮಾಡಬೇಕು ಅಂತ ಯಾರಿಗೂ ನೆನಪಾಗಲಿಲ್ಲ. ಹೊನ್ನಮ್ಮ, ನಾನು, ನಮ್ಮವರು ಮೂವರೂ ಗಿಡ್ಡ ಗೋಡೆಯ ಮೇಲಿಂದ ನೋಡಿದೆವು. ಸದ್ದಿಲ್ಲ, ಧೂಳಿಲ್ಲ. ಗೋಡೆಗಳು ಒಳಮುಖವಾಗಿ ಮೆತ್ತಗೆ ಬಾಗಿದವು. ಹೆಂಚು ಹೋದವು. ಬಾಗಿಲಿನಲ್ಲಿ ಕಾಣುತ್ತಿದ್ದ ರಾಗಿಯ ಕಣಜ, ನನ್ನ ಮದುವೆಯ ಮಂಚ, ಒರಳುಕಲ್ಲು, ಒಂದರ ಹಿಂದೆ ಒಂದು ಸಣ್ಣದಾಗುತ್ತಾ, ಸಣ್ಣದಾಗುತ್ತಾ ಇಳಿದವು. ಬರೀ ನೆಲ ಉಳಿಯಿತು. ಅದರ ನಡುವೆ ಅಡಿಕೆಯಷ್ಟು ಕರಿಯ ಬೊಟ್ಟು.

ನಮ್ಮವರು ಕಂಕುಳಲ್ಲಿದ್ದ ಗುಂಡನ್ನು ನಿಧಾನಕ್ಕೆ ಕೆಳಗಿಟ್ಟರು. ನನ್ನ ಮುಖ ನೋಡಿದರು. "ಕಾಲು ತೊಳಿಯೋ ಮುಂಚೆ ನೋಡ್ಬೇಕು ಕಣೆ ಇನ್ಮೇಲೆ," ಎಂದರು. ಅಷ್ಟೇ ಹೇಳಿದ್ದು. ಅವರ ಕೈ ಹಿಡಿದುಕೊಂಡೆ. ಬದುಕಿದ್ದಾರಲ್ಲ, ಸಾಕು ಅನ್ನಿಸಿತು. ಈಗ ನಮ್ಮೂರಿನಲ್ಲಿ ನಡೆದು ಬಂದವರ ಪಾದವನ್ನು ಹೆಂಗಸರು ಮೊದಲು ತಿರುಗಿಸಿ ನೋಡುತ್ತಾರೆ, ಆಮೇಲೆ ನೀರು ಹೊಯ್ಯುತ್ತಾರೆ. ಪ್ರತಿ ಕೂಗಿಗೂ ಗೆರೆಯ ಪಕ್ಕ ಒಬ್ಬಳು ಕೂತಿರುತ್ತಾಳೆ. ಜಗಳ ಆಡುವವರಿಗೆ ಅಲ್ಲಿ ಜಾಗವಿಲ್ಲ. ದೇವರ ಪಾಲು ಅನ್ನುವ ಮಾತೇ ನಿಂತುಹೋಗಿದೆ.

ಆದರೆ ನಾನು ಹೇಳಬೇಕಾದ್ದು ಅದಲ್ಲ. ಹೊನ್ನಮ್ಮ ಗೋಡೆಯ ಹತ್ತಿರ ಹಾಗೇ ನಿಂತಿದ್ದಳು.

"ಲಕ್ಕಮ್ಮ," ಎಂದಳು. "ಕಣಜನೇ ಹೋಯ್ತಲ್ಲೇ."

"ಹೂಂ."

"ಮಂಚ. ಅಷ್ಟು ದೊಡ್ಡ ಮಂಚ. ಒರಳುಕಲ್ಲು."

"ಹೂಂ ಕಣೆ. ನೋಡಿದ್ಯಲ್ಲ."

ಅವಳ ಕಣ್ಣು ಆ ಅಡಿಕೆಯಷ್ಟು ಬೊಟ್ಟಿನ ಮೇಲೆಯೇ ಇತ್ತು. "ಹಂಗಾದ್ರೆ ನನ್ನ ಹಂಡೆ..." ಎಂದಳು. ಸೆರಗನ್ನು ಬಾಯಿಗೆ ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಆ ಮಾತಿಗಾಗಿ ನಾನು ಎಷ್ಟು ವರ್ಷ ಕಾದಿದ್ದೆ! ಅದು ಅವಳ ಬಾಯಿಂದ ಬರಬೇಕಾದರೆ ನನ್ನ ಮನೆಯೇ ಹೋಗಬೇಕಾಯಿತು. ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದೆ. ನನ್ನ ಎದೆ ಅಷ್ಟು ಹಗುರ ಆದದ್ದು ಅದೇ ಮೊದಲು, ತಲೆಯ ಮೇಲೆ ಸೂರಿಲ್ಲದ ಆ ಬೆಳಿಗ್ಗೆ.

ಒಳಗೆ ಕೂಸು ಅಳತೊಡಗಿತು. ಹೊನ್ನಮ್ಮ ಕಣ್ಣೊರೆಸಿಕೊಂಡು, ಸೀರೆ ಮೇಲೆ ಕಟ್ಟಿ, ಬಚ್ಚಲಿಗೆ ಹೋಗಿ ಕಾಲು ನೀಡಿ ಕೂತಳು. ಕೂಸನ್ನು ತಂದು ಅವಳ ಕಾಲಿನ ಮೇಲೆ ಮಲಗಿಸಿದೆ. ಅವಳು ಹಂಡೆಯಿಂದ ನೀರು ಮೊಗೆದು, ಮೊಣಕೈಗೆ ಹುಯ್ದು ಬಿಸಿ ನೋಡಿದಳು.

"ನಿಮ್ಮಮ್ಮನ ಹಂಡೆ ಚೆನ್ನಾಗೈತೆ ಕಣೆ," ಎಂದಳು. "ನೀರು ಬೇಗ ಕಾಯ್ತದೆ."

"ಇಲ್ಲೇ ಇರ್ಲಿ ಬಿಡು," ಎಂದು ನಾನು ಒಲೆಗೆ ಇನ್ನೊಂದು ಸೌದೆ ತಳ್ಳಿದೆ.